ಅಗೆಯುವ ಮೊದಲು ಅದು ಏನಾಗಿತ್ತು?

ನೆಲದೊಳಗಿನ ಕಲ್ಲಿಗೂ ಅದಿರಿಗೂ ಒಡಿಯಾದಲ್ಲಿ ಇರುವ ಸಾಮಾನ್ಯ ಹೆಸರೇ ಕನ್ನಡದಲ್ಲೂ ಇದೆ: ಖನಿಜ. ಬಿಡಿಸಿ ನೋಡಿದರೆ ಖನಿಯಲ್ಲಿ ಹುಟ್ಟಿದ್ದು ಎಂದರ್ಥ. ಖನಿ ಎಂದರೆ ಗಣಿ. ಅದರ ಬೇರಿನಲ್ಲಿರುವುದು ಅಗೆಯುವುದನ್ನು ಹೇಳುವ ಸಂಸ್ಕೃತ ಧಾತು. ಇಂಗ್ಲಿಷಿನ ಮಿನರಲ್ ಎಂಬ ಪದವೂ ಮಧ್ಯಯುಗದ ಲ್ಯಾಟಿನ್‌ನಲ್ಲಿ ಗಣಿಗೂ ಅದಿರಿಗೂ ಸಲ್ಲುತ್ತಿದ್ದ 'ಮಿನೆರ' ಎಂಬ ಮಾತಿನಿಂದ ಬಂದದ್ದು. ಹೀಗೆ ಎರಡು ದೂರದ ಭಾಷೆಗಳು ಒಂದು ವಸ್ತುವನ್ನು ಅದರ ಬಣ್ಣದಿಂದಲೋ ತೂಕದಿಂದಲೋ ಗುರುತಿಸದೆ, ಅದನ್ನು ಹೊರತೆಗೆಯಲು ಮನುಷ್ಯ ತೋಡಿದ ಗುಂಡಿಯಿಂದ ಗುರುತಿಸಿವೆ. ಆದರೆ ಆ ಕಲ್ಲು ಗುಂಡಿಯಲ್ಲಿ ಹುಟ್ಟಲಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ, ಅಗೆಯುವ ಕೈಯೇ ಇಲ್ಲದಿದ್ದಾಗ, ಅದು ಅಲ್ಲಿ ರೂಪುಗೊಂಡಿತ್ತು. ಕಲ್ಲು ಗಣಿಯಿಂದ ಹುಟ್ಟಲಿಲ್ಲ, ಕಲ್ಲಿನಿಂದಾಗಿ ಗಣಿ ಹುಟ್ಟಿತು. ಹೆಸರು ಈ ಕ್ರಮವನ್ನು ತಿರುವಿಹಾಕಿದೆ. ಇದು ಬರೀ ವ್ಯಾಕರಣದ ಸಂಗತಿಯೋ, ಅಥವಾ ವಸ್ತುವಿನ ಇರವಿನ ಬಗ್ಗೆ ಕೊಟ್ಟ ತೀರ್ಪೋ? ತೀರ್ಪೇ ಎಂಬುದು ನನ್ನ ವಾದ. ಇನ್ನೂ ನಡೆಯದ ಕೆಲಸದ ಹೆಸರನ್ನು ಒಂದು ವಸ್ತುವಿಗೆ ಇಟ್ಟಾಗ, ಆ ಕೆಲಸ ನಡೆಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಯಾರೂ ಕೇಳದೆಯೇ ಉತ್ತರ ಬಂದುಬಿಡುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಈ ಪ್ರಶ್ನೆ ತರ್ಕದ ಪುಸ್ತಕದಿಂದ ಹೊರಬಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಅದು ಕಡೆಗೆ ಧರ್ಮದ ಪ್ರಶ್ನೆಯಾಯಿತು.

ಪದಗಳ ವ್ಯುತ್ಪತ್ತಿಯನ್ನು ಕುರಿತ ಪ್ರಾಚೀನ ಗ್ರಂಥವಾದ ಯಾಸ್ಕನ ನಿರುಕ್ತದ ಮೊದಲ ಅಧ್ಯಾಯದಲ್ಲಿ ಇದೇ ತೊಡಕಿನ ಮೇಲೆ ಒಂದು ಬಿಗಿಯಾದ ವಾಗ್ವಾದವಿದೆ. ನಾಮಪದಗಳೆಲ್ಲ ಕ್ರಿಯೆಯಿಂದ ಹುಟ್ಟಿದವು ಎಂಬುದು ಶಾಕಟಾಯನನ ಪಕ್ಷ. ನಿರುಕ್ತಕಾರರ ಮತವೂ ಅದೇ. ಗಾರ್ಗ್ಯನೂ ವೈಯಾಕರಣರಲ್ಲಿ ಕೆಲವರೂ ಇದನ್ನು ಒಪ್ಪುವುದಿಲ್ಲ. ಹಾದಿಯನ್ನು ವ್ಯಾಪಿಸುವುದರಿಂದ ಕುದುರೆಗೆ ಅಶ್ವ ಎಂಬ ಹೆಸರು ಬಂತೆಂದಾದರೆ ಹಾದಿಯಲ್ಲಿ ಸಾಗುವ ಎಲ್ಲವನ್ನೂ ಅಶ್ವ ಎನ್ನಬೇಕಲ್ಲವೇ? ಚುಚ್ಚುವುದರಿಂದ ತೃಣವೆಂದಾದರೆ ಚುಚ್ಚುವುದೆಲ್ಲ ತೃಣವಾಗಬೇಡವೇ? ಒಂದೇ ವಸ್ತು ಹತ್ತು ಕ್ರಿಯೆಗಳಲ್ಲಿ ತೊಡಗಿದರೆ ಅದಕ್ಕೆ ಹತ್ತು ಹೆಸರು ಬರಬೇಡವೇ? ಈ ಆಕ್ಷೇಪಗಳ ಸಾಲಿನಲ್ಲಿ ನಮಗೆ ಬೇಕಾದದ್ದು ಇನ್ನೊಂದು: ಮೊದಲೇ ಇದ್ದ ವಸ್ತುವಿಗೆ ಆಮೇಲೆ ನಡೆಯುವ ಕ್ರಿಯೆಯಿಂದ ಹೆಸರು ಬರುವುದು ಹೇಗೆ ಸರಿ? ಯಾಸ್ಕ ಇದಕ್ಕೆ ಲೋಕದ ಬಳಕೆಯನ್ನೇ ಮುಂದಿಡುತ್ತಾನೆ. ಕೆಲವು ಜೀವಿಗಳಿಗೆ ಹಾಗೆ ಹೆಸರು ಬಂದಿರುವುದನ್ನು ಕಾಣುತ್ತೇವೆ, ಕೆಲವಕ್ಕೆ ಬಂದಿಲ್ಲ. ಬಿಲ್ವಾದ, ಲಂಬಚೂಡಕ ಎಂಬ ಹೆಸರುಗಳೇ ಸಾಕ್ಷಿ. ಬಿಲ್ವ ತಿನ್ನುವುದೂ ಉದ್ದ ಜುಟ್ಟು ಬೆಳೆಯುವುದೂ ಹುಟ್ಟಿದ ಮೇಲಿನ ಮಾತು, ಹೆಸರು ಮಾತ್ರ ಆ ಜೀವದ್ದೇ. ಯಾಸ್ಕನ ಈ ಉತ್ತರ ಖನಿಜಕ್ಕೂ ಸಲ್ಲುವಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಿಲ್ವ ತಿನ್ನುವುದು ಆ ಜೀವವೇ, ಜುಟ್ಟು ಬೆಳೆಯುವುದೂ ಅದರ ಮೈಯಿಂದಲೇ. ಆಮೇಲೆ ಬರುವ ಕ್ರಿಯೆ ಅದರ ಸ್ವಭಾವದೊಳಗೇ ಅಡಗಿತ್ತು. ಅಗೆಯುವುದು ಕಲ್ಲಿನ ಕ್ರಿಯೆಯಲ್ಲ, ಇನ್ನೊಬ್ಬನ ಕ್ರಿಯೆ. ಅದು ನಡೆಯಲೂಬಹುದು, ನಡೆಯದೆಯೂ ಇರಬಹುದು. ಹೊರಗಿನವನೊಬ್ಬನ ಇಚ್ಛೆಯನ್ನು ವಸ್ತುವಿನ ಹುಟ್ಟಿನೊಳಗೆ ಸೇರಿಸಿದ ಹೆಸರಿಗೆ ಯಾಸ್ಕನ ಉದಾಹರಣೆಗಳು ಆಸರೆಯಾಗವು.

ಇಲ್ಲಿ ಮೀಮಾಂಸಕರ ಕಡೆಯಿಂದ ಒಂದು ಮಾತು ಬರುತ್ತದೆ. ವ್ಯುತ್ಪತ್ತಿಯ ಅರ್ಥಕ್ಕಿಂತ ರೂಢಿಯ ಅರ್ಥವೇ ಬಲವಾದದ್ದು. ಪಂಕಜ ಎಂದಾಗ ಯಾರಿಗೂ ಕೆಸರು ನೆನಪಾಗುವುದಿಲ್ಲ, ಕೆಸರಿನಲ್ಲಿ ಹುಟ್ಟಿದ ಹುಳುವನ್ನು ಯಾರೂ ಪಂಕಜ ಎನ್ನುವುದೂ ಇಲ್ಲ. ಹಾಗೆಯೇ ಖನಿಜವೂ ಒಂದು ರೂಢಿಯ ಹೆಸರು, ಅದರ ಒಡಲನ್ನು ಬಗೆದು ಅಪರಾಧ ಹುಡುಕುವುದೇಕೆ ಎಂದು ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ರೂಢಿ ಎಲ್ಲ ಪದಗಳಲ್ಲೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಪಂಕಜದಲ್ಲಿ ಅದು ಕೆಸರನ್ನು ತೊಳೆದುಹಾಕಿದೆ. ಖನಿಜದಲ್ಲಿ ಗಣಿಯನ್ನು ಇನ್ನಷ್ಟು ಹತ್ತಿರ ತಂದಿದೆ. ಭಾರತದಲ್ಲಿ ಖನಿಜ ಎಂಬುದು 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ ಪದ, ಗುತ್ತಿಗೆಯ ಪದ, ರಾಜಧನದ ಪದ. ಒಂದು ಬೆಟ್ಟದ ತಲೆಯ ಮೇಲಿನ ಮಣ್ಣಿಗೆ ಆ ಹೆಸರು ಬಿದ್ದ ದಿನದಿಂದ ಅದರ ಕಡತ ಬೇರೆ, ಅದನ್ನು ನೋಡಿಕೊಳ್ಳುವ ಇಲಾಖೆ ಬೇರೆ. ಎಲ್ಲ ಹೆಸರುಗಳೂ ಹೀಗಿಲ್ಲ ಎಂಬುದನ್ನೂ ಮರೆಯಬಾರದು. ಇಂಗ್ಲಿಷಿನಲ್ಲಿ ಮೈಕಾ ಎನ್ನುವುದು ಒಡಿಯಾದಲ್ಲಿ ಅಭ್ರ. ಅಭ್ರ ಎಂದರೆ ಮೋಡ. ಕನ್ನಡದ ಹಳ್ಳಿಗಳಲ್ಲಿ ಅದು ಕಾಗೆಬಂಗಾರ. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಹೆಸರಿನಲ್ಲಿ ಗ್ರೀಕರು ಕಂಡ ನೆತ್ತರಿನ ಕೆಂಪು ಇದೆ. ಇವೆಲ್ಲ ಕಣ್ಣು ಕೊಟ್ಟ ಹೆಸರುಗಳು. ಅವನ್ನು ಉಚ್ಚರಿಸಲು ಗುದ್ದಲಿ ಬೇಕಿಲ್ಲ.

ನಿಯಮಗಿರಿಯ ವ್ಯಾಜ್ಯದ ನಡುವೆ ಇದ್ದ ಬಾಕ್ಸೈಟ್‌ನ ಹೆಸರಿನ ಕಥೆ ಇನ್ನೊಂದು ಬಗೆಯದು. 1821ರಲ್ಲಿ ಪಿಯೇರ್ ಬೆರ್ತಿಯೇ ಎಂಬ ಫ್ರೆಂಚ್ ಭೂವಿಜ್ಞಾನಿ ಪ್ರೊವಾನ್ಸ್ ಪ್ರಾಂತದ ಲೆ ಬೊ ಎಂಬ ಹಳ್ಳಿಯ ಬಳಿಯ ಕೆಂಪು ಕಲ್ಲಿನಲ್ಲಿ ಅಲ್ಯುಮಿನಾ ಹೆಚ್ಚಾಗಿರುವುದನ್ನು ಗುರುತಿಸಿದ. ಆ ಊರಿನ ಹೆಸರೇ ಕಲ್ಲಿಗೆ ಬಂತು. ಊರಿನ ಹೆಸರಿಗೆ ಆ ಸೀಮೆಯ ನುಡಿಯಲ್ಲಿ ಕಡಿದಾದ ಬಂಡೆ ಎಂಬ ಅರ್ಥ. ಒಡಿಯಾದವರೂ ನಾವೂ ಅದನ್ನು ಹಾಗೆಯೇ ಎತ್ತಿಕೊಂಡು ಬಾಕ್ಸೈಟ್ ಎನ್ನುತ್ತೇವೆ. ಅಂದರೆ ಪೂರ್ವಘಟ್ಟದ ಒಂದು ಶಿಖರದ ಮಣ್ಣನ್ನು ಹೆಸರಿಸುವಾಗ ನಮ್ಮ ನಾಲಿಗೆಯ ಮೇಲೆ ಬರುವುದು ಫ್ರಾನ್ಸಿನ ಒಂದು ಕಡಿದಾದ ಬಂಡೆ. ಇದರಲ್ಲಿ ತಪ್ಪೇನೂ ಇಲ್ಲ. ವಿಜ್ಞಾನದ ಹೆಸರುಗಳು ಹೀಗೆಯೇ ಸಾಗುತ್ತವೆ. ಇದೇ ಬೆಟ್ಟಗಳ ತಳಬಂಡೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಖೊಂಡಲೈಟ್. ಅದು ಬಂದದ್ದು ಅಲ್ಲಿ ಬಾಳುವ ಕೊಂಧ ಜನರ ಹೆಸರಿನಿಂದ. 20ನೇ ಶತಮಾನದ ಆರಂಭದಲ್ಲಿ ಕಾಲಾಹಾಂಡಿ ಸಂಸ್ಥಾನದ ಬಂಡೆಗಳನ್ನು ಸಮೀಕ್ಷೆ ಮಾಡಿದ ಟಿ. ಎಲ್. ವಾಕರ್ ಕೊಟ್ಟ ಹೆಸರು ಅದು. ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಖೊಂಡಲೈಟ್ ಸವೆದು, ಅದರ ಸಿಲಿಕಾ ಕರಗಿ ಹೋಗಿ, ಉಳಿದ ಅಲ್ಯುಮಿನಾ ಮತ್ತು ಕಬ್ಬಿಣದ ಅಂಶ ಬೆಟ್ಟದ ನೆತ್ತಿಯಲ್ಲಿ ಟೊಪ್ಪಿಗೆಯಾಗಿ ಕೂತಿದೆ. ಆ ಟೊಪ್ಪಿಗೆಯೇ ಬಾಕ್ಸೈಟ್. ವಿಜ್ಞಾನದ ದಾಖಲೆಯಲ್ಲಿ ಬುಡದ ಬಂಡೆಗೆ ಕೊಂಧರ ಹೆಸರಿದೆ, ನೆತ್ತಿಯ ಮಣ್ಣಿಗೆ ಫ್ರೆಂಚ್ ಹಳ್ಳಿಯ ಹೆಸರಿದೆ. ಬೇಡಿಕೆ ಬಂದದ್ದು ನೆತ್ತಿಗೆ.

ಹೆಸರು ಎಲ್ಲಿಂದಲೇ ಬರಲಿ, ವಸ್ತು ಏನೆಂಬುದನ್ನು ಹೇಳುವುದು ಅದರ ಒಳರಚನೆ ಎಂಬುದು ಇದಕ್ಕೆ ಎದುರಾಗುವ ಗಂಭೀರ ವಾದ. 1970ರ ತನ್ನ ಪ್ರಸಿದ್ಧ ಉಪನ್ಯಾಸಗಳಲ್ಲಿ ಸಾಲ್ ಕ್ರಿಪ್ಕಿ ಎಂಬ ಅಮೆರಿಕದ ತತ್ತ್ವಜ್ಞಾನಿ ಚಿನ್ನದ ಉದಾಹರಣೆ ಹಿಡಿದು ಇದನ್ನು ಬೆಳೆಸಿದ. ಹಳದಿ ಬಣ್ಣ, ಹೊಳಪು, ಬೆಲೆ ಇವು ಯಾವುವೂ ಚಿನ್ನವನ್ನು ಚಿನ್ನವಾಗಿಸುವುದಿಲ್ಲ; ಪರಮಾಣು ಸಂಖ್ಯೆ 79 ಆಗಿರುವುದರಿಂದಲೇ ಅದು ಚಿನ್ನ, ಅದು ಯಾರ ನಂಬಿಕೆಗೂ ಬಾಗುವುದಿಲ್ಲ. ಹಾಗಿದ್ದರೆ ಬೆಟ್ಟದ ಮೇಲಿರುವುದು ಬಾಕ್ಸೈಟ್ ಎಂಬುದೇ ಸತ್ಯ, ಉಳಿದದ್ದು ಭಾವನೆ ಎಂದು ಹೇಳಬಹುದಲ್ಲ? ಚಿನ್ನಕ್ಕೆ ಈ ವಾದ ಒಪ್ಪುತ್ತದೆ, 13 ಎಂಬ ಸಂಖ್ಯೆಯ ಅಲ್ಯುಮಿನಿಯಂಗೂ ಒಪ್ಪುತ್ತದೆ. ಬಾಕ್ಸೈಟ್‌ಗೆ ಒಪ್ಪುವುದಿಲ್ಲ. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಬಾಕ್ಸೈಟ್ ಒಂದು ಖನಿಜವೇ ಅಲ್ಲ. ಗಿಬ್ಸೈಟ್, ಬೋಹ್ಮೈಟ್, ಡಯಾಸ್ಪೋರ್ ಎಂಬ ಖನಿಜಗಳು ಕಬ್ಬಿಣದ ಆಕ್ಸೈಡ್, ಜೇಡಿಯೊಂದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕಲೆತ ಶಿಲೆ ಅದು. ಅದರೊಳಗಿನ ಅಂಶಗಳು ಪ್ರಕೃತಿಯವು. ಇಷ್ಟು ಅಲ್ಯುಮಿನಾ ಇದ್ದರೆ ಅದಿರು, ಇಷ್ಟಕ್ಕಿಂತ ಕಡಿಮೆಯಾದರೆ ಬರೀ ಮಣ್ಣು ಎಂಬ ಗೆರೆ ಪ್ರಕೃತಿಯದಲ್ಲ. ಲೋಹದ ಬೆಲೆ ಏರಿದರೆ ನಿನ್ನೆಯ ಮಣ್ಣು ಇಂದು ಅದಿರಾಗುತ್ತದೆ. 1886ರಲ್ಲಿ ವಿದ್ಯುತ್ತಿನಿಂದ ಅಲ್ಯುಮಿನಿಯಂ ಬೇರ್ಪಡಿಸುವ ವಿಧಾನ ಸಿಗುವ ತನಕ ಈ ಶಿಲೆಯನ್ನು ಹುಡುಕಿಕೊಂಡು ಬೆಟ್ಟ ಹತ್ತುವವರು ವಿರಳ. ಹೊಲದಲ್ಲಿ ಕಳೆ ಎನ್ನುತ್ತೇವೆ. ಕಳೆ ಎಂಬ ಸಸ್ಯಜಾತಿ ಯಾವ ಸಸ್ಯಶಾಸ್ತ್ರದಲ್ಲೂ ಇಲ್ಲ, ಬಿತ್ತಿದವನ ಬಯಕೆಯನ್ನು ಅನುಸರಿಸಿ ಬಂದ ಹೆಸರು ಅದು. ಅದಿರು ಎಂಬುದೂ ಹಾಗೆಯೇ. ಆದ್ದರಿಂದ ಒಂದು ಕಡೆ ವಸ್ತುನಿಷ್ಠ ಸತ್ಯ, ಇನ್ನೊಂದು ಕಡೆ ಜನರ ನಂಬಿಕೆ ಎಂದು ತಕ್ಕಡಿ ಹಿಡಿಯುವುದು ಸರಿಯಲ್ಲ. ಎರಡೂ ಕಡೆ ಇರುವುದು ಮನುಷ್ಯ ಮತ್ತು ಬೆಟ್ಟದ ನಡುವಿನ ಸಂಬಂಧವೇ. ಒಂದು ಸಂಬಂಧ ತೆಗೆದುಕೊಂಡು ಹೋಗುವುದರದ್ದು, ಇನ್ನೊಂದು ಉಳಿದು ಬಾಳುವುದರದ್ದು.

ಉಳಿದು ಬಾಳುವವರು ಡೊಂಗ್ರಿಯಾ ಕೊಂಧರು. ರಾಯಗಡ ಮತ್ತು ಕಾಲಾಹಾಂಡಿ ಜಿಲ್ಲೆಗಳಲ್ಲಿ ಹಬ್ಬಿದ ನಿಯಮಗಿರಿ ಸಾಲಿನ ಇಳಿಜಾರುಗಳಲ್ಲಿ ಅವರ ಹಳ್ಳಿಗಳಿವೆ. ಅವರ ಸಂಖ್ಯೆ ಸುಮಾರು 8,000 ಎನ್ನುತ್ತಾರೆ. ಅವರ ಮಾತು ಕುವಿ. ಅದು ದ್ರಾವಿಡ ಬಳಗದ ಭಾಷೆ, ಆ ಲೆಕ್ಕದಲ್ಲಿ ನಮ್ಮ ನುಡಿಗೆ ದೂರದ ನೆಂಟ. ದೇವರಿಗೆ ಅವರು ಪೇನು ಎನ್ನುತ್ತಾರೆ. ನೆಲದ ತಾಯಿ ಧರಣಿ ಪೇನು. ಬೆಟ್ಟದ ಒಡೆಯ ನಿಯಮ್ ರಾಜ, ಅವನು ಅವರ ಮೂಲಪುರುಷ, ಕಟ್ಟಳೆ ಹಾಕಿಕೊಟ್ಟವನು. ಬೆಟ್ಟದ ನೆತ್ತಿಯ ಕಾಡನ್ನು ಕಡಿಯಬಾರದೆಂಬುದು ಅಂಥ ಕಟ್ಟಳೆಗಳಲ್ಲಿ ಒಂದು. ಆ ನೆತ್ತಿಯ ರಂಧ್ರಮಯ ಮಣ್ಣು ಮಳೆನೀರನ್ನು ಹೀರಿಕೊಳ್ಳುತ್ತದೆ, ಇಳಿಜಾರಿನಲ್ಲಿ ತೊರೆಗಳು ಹರಿಯುತ್ತವೆ, ವಂಶಧಾರಾ ನದಿಯ ಹುಟ್ಟೂ ಈ ಸೀಮೆಯಲ್ಲೇ. ನಂಬಿಕೆಯನ್ನು ನೀರಿನ ಲೆಕ್ಕಕ್ಕೆ ಇಳಿಸಿ, ಇದು ಹಳೆಯ ಕಾಲದ ಪರಿಸರ ವಿಜ್ಞಾನ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ನೀರು ಸಿಗದಿದ್ದರೂ ನಿಯಮ್ ರಾಜ ಅವರಿಗೆ ನಿಯಮ್ ರಾಜನೇ. ಪೂಜೆಗೆ ಉಪಯೋಗದ ಸಮರ್ಥನೆ ಹುಡುಕುವುದು, ಪೂಜಿಸುವವರ ಮಾತನ್ನು ಕೇಳಿಸಿಕೊಳ್ಳದೆಯೇ ಅವರ ಪರವಾಗಿ ನಿಂತಂತೆ. ಅವರು ಹೇಳುತ್ತಿರುವುದು ಸರಳ: ಇದು ದೇವರ ಬೆಟ್ಟ, ಈ ಬೆಟ್ಟವೇ ದೇವರು.

ಆ ನೆತ್ತಿಯಲ್ಲಿ ಏಳು ಕೋಟಿ ಟನ್ನಿಗೂ ಹೆಚ್ಚು ಬಾಕ್ಸೈಟ್ ಇದೆಯೆಂಬ ಅಂದಾಜಿನ ಮೇಲೆ ಒಡಿಶಾ ಗಣಿ ನಿಗಮ ಮತ್ತು ವೇದಾಂತ ಕಂಪನಿ ಅಗೆತಕ್ಕೆ ಹೊರಟವು. ಅಗೆಯಲು ಅಂತಿಮ ಅನುಮತಿ ಸಿಗುವ ಮೊದಲೇ ಬೆಟ್ಟದ ಬುಡದ ಲಾಂಜಿಗಡದಲ್ಲಿ ಶುದ್ಧೀಕರಣ ಕಾರ್ಖಾನೆ ಎದ್ದು ನಿಂತಿತು. ಖನಿಜ ಎಂಬ ಹೆಸರಿನೊಳಗೆ ಅಡಗಿದ ಭವಿಷ್ಯ ಕಬ್ಬಿಣ ಕಾಂಕ್ರೀಟಿನಲ್ಲಿ ಮೈತಳೆದದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾಗದು. ಮೇಲಿರುವುದು ಗಣಿಯಲ್ಲಿ ಹುಟ್ಟುವ ವಸ್ತು ಎಂದು ಒಮ್ಮೆ ತೀರ್ಮಾನವಾದ ಮೇಲೆ ಗಣಿಗಾಗಿ ಕಾಯಬೇಕಿಲ್ಲ, ಕೆಳಗೆ ಕಾರ್ಖಾನೆ ಕಟ್ಟಬಹುದು. 2010ರ ಆಗಸ್ಟಿನಲ್ಲಿ ಎನ್. ಸಿ. ಸಕ್ಸೇನಾ ಸಮಿತಿಯ ವರದಿಯ ಹಿಂದೆಯೇ ಕೇಂದ್ರ ಪರಿಸರ ಸಚಿವಾಲಯ ಅರಣ್ಯ ಅನುಮತಿ ನಿರಾಕರಿಸಿತು. ಗಣಿ ನಿಗಮ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 18ರಂದು ಬಂದ ತೀರ್ಪು ಸಂವಿಧಾನದ 25 ಮತ್ತು 26ನೇ ವಿಧಿಗಳನ್ನೂ 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಒಟ್ಟಿಗೆ ಹಿಡಿದು, ಈ ಗಣಿಗಾರಿಕೆಯಿಂದ ಅಲ್ಲಿನವರ ಪೂಜೆಯ ಹಕ್ಕಿಗೆ ಧಕ್ಕೆಯಿದೆಯೇ ಎಂಬುದನ್ನು ಗ್ರಾಮಸಭೆಗಳೇ ನಿರ್ಧರಿಸಲಿ ಎಂದಿತು. ಆ ವರ್ಷ ಜುಲೈ, ಆಗಸ್ಟ್ ತಿಂಗಳಲ್ಲಿ ರಾಯಗಡದ 7, ಕಾಲಾಹಾಂಡಿಯ 5, ಒಟ್ಟು 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ತಿರಸ್ಕರಿಸಿತು.

ಆ ತೀರ್ಪಿನಲ್ಲಿ ಗ್ರಾಮಸಭೆಗಳ ಮುಂದಿಟ್ಟ ಒಂದು ಪ್ರಶ್ನೆಯನ್ನು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. ನಿಯಮ್ ರಾಜನ ನೆಲೆಯೆಂದು ಹೆಸರಾದ ಹುಂಡಲ್‌ಜಲಿಯ ಶಿಖರ ಒಂದು ಕಡೆ. ಗಣಿಗೆ ಗುರುತಾದ ಜಾಗ ಅಲ್ಲಿಂದ 10 ಕಿಲೋಮೀಟರ್ ದೂರ. ಅಷ್ಟು ದೂರದ ಅಗೆತ ಆ ನೆಲೆಗೆ ಬಾಧೆಯಾಗುತ್ತದೆಯೇ ಎಂಬುದು ಪ್ರಶ್ನೆ. ದೇವರು ಒಂದು ಬಿಂದುವಿನಲ್ಲಿ ಇರುತ್ತಾನೆ, ಅಲ್ಲಿಂದ ಅಳತೆ ಹಿಡಿಯಬಹುದು ಎಂಬ ಗ್ರಹಿಕೆ ಆ ಪ್ರಶ್ನೆಯ ಒಳಗಿದೆ. ಗರ್ಭಗುಡಿ, ಪ್ರಾಕಾರ, ಧ್ವಜಸ್ತಂಭ ಎಂದು ಜಾಗ ಗೊತ್ತುಪಡಿಸಿಕೊಂಡ ಧರ್ಮಗಳಿಗೆ ಈ ಅಳತೆ ಸಹಜ. ಬೆಟ್ಟವೇ ದೇಹವಾದ ದೇವರಿಗೆ ಅದು ಹೊಂದುವುದಿಲ್ಲ. ಮೊಣಕಾಲಿನ ಗಾಯ ಎದೆಯಿಂದ ಎಷ್ಟು ದೂರ ಎಂದು ಕೇಳಿ ನೋವನ್ನು ತಳ್ಳಿಹಾಕಲಾಗದು. ಆದರೂ ನ್ಯಾಯಾಲಯದ ನಡೆಯಲ್ಲಿ ನಾನು ಮೆಚ್ಚುವುದು, ಪ್ರಶ್ನೆಯನ್ನು ತಾನೇ ಎತ್ತಿದರೂ ಉತ್ತರವನ್ನು ತಾನು ಕೊಡದೆ ಉಳಿದದ್ದನ್ನು. ಇದಕ್ಕೆ ಉಡುಪಿಯ ಕಡೆಯಿಂದ ಬಂದ ಒಂದು ಪೂರ್ವನಿದರ್ಶನವಿದೆ. ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮೊದಲು ಆ ಧರ್ಮದ ತತ್ತ್ವಗಳನ್ನೇ ನೋಡಿ ತಿಳಿಯಬೇಕು ಎಂದು ಹೇಳಿತ್ತು. ಅಷ್ಟಮಠದ ಯತಿಗಳಿಗೆ ಗ್ರಂಥಗಳಿದ್ದವು, ಪರಂಪರೆಯ ಲಿಖಿತ ದಾಖಲೆಯಿತ್ತು. ಡೊಂಗ್ರಿಯಾ ಕೊಂಧರಿಗೆ ಗ್ರಂಥವಿಲ್ಲ, ಊರ ಸಭೆಯಿದೆ. ಅವರ ಧರ್ಮದ ತತ್ತ್ವವನ್ನು ಅವರ ಬಾಯಿಂದಲೇ ಕೇಳಬೇಕೆಂದಾದರೆ ಆ ಸಭೆಗಿಂತ ಬೇರೆ ಜಾಗ ಇರಲಿಲ್ಲ.

ಇನ್ನೊಂದು ಆಕ್ಷೇಪ ಹೆಸರಿನ ಮೇಲೆಯೇ ಬರುತ್ತದೆ. ನಿಯಮ, ರಾಜ, ಗಿರಿ ಈ ಮೂರೂ ಕುವಿ ಪದಗಳಲ್ಲ. ಒಡಿಯಾದ ಮೂಲಕ ಬಂದ ಸಂಸ್ಕೃತ. ಡೊಂಗ್ರಿಯಾ ಎಂಬುದೂ ಬೆಟ್ಟ ಎಂಬರ್ಥದ ಒಡಿಯಾ ಪದದಿಂದ ಹೊರಗಿನವರು ಕೊಟ್ಟ ಹೆಸರು. ಹಾಗಿರುವಾಗ ಈ ದೇವರು ಬೆಟ್ಟದವರ ಅನಾದಿ ದೇವರು ಹೇಗೆ? ಬಯಲು ಸೀಮೆಯ ರಾಜರ ಪ್ರಭಾವದಿಂದ ಆಮೇಲೆ ರೂಪುಗೊಂಡ ನಂಬಿಕೆ ಇದಾಗಿರಬಹುದಲ್ಲ? ಇರಬಹುದು. ಆದರೆ ಸಾಲ ಪಡೆದ ಹೆಸರು ಸಾಲ ಪಡೆದ ಸಂಬಂಧವಲ್ಲ. ಶಿಲೆಗೆ ಫ್ರೆಂಚ್ ಹಳ್ಳಿಯ ಹೆಸರಿದ್ದ ಮಾತ್ರಕ್ಕೆ ಅದರೊಳಗಿನ ಅಲ್ಯುಮಿನಾ ಸುಳ್ಳಾಗುವುದಿಲ್ಲವಾದರೆ, ದೇವರಿಗೆ ಒಡಿಯಾ ಹೆಸರಿದ್ದ ಮಾತ್ರಕ್ಕೆ ಭಕ್ತಿಯೇಕೆ ಸುಳ್ಳಾಗಬೇಕು? ಪ್ರಾಚೀನತೆಯ ಪ್ರಮಾಣಪತ್ರವನ್ನು ನಾವು ಬುಡಕಟ್ಟಿನವರಿಂದ ಮಾತ್ರ ಕೇಳುತ್ತೇವೆ ಎಂಬುದು ನನ್ನನ್ನು ಕಾಡುವ ಸಂಗತಿ. ಊರೂರಿನಲ್ಲಿ ಗ್ರಾಮದೇವತೆಗಳು ಪುರಾಣದ ಹೆಸರು ಹೊತ್ತು ನಿಂತಿದ್ದಾರೆ, ಅವರ ಪೂಜೆಯ ಹಕ್ಕಿಗೆ ಯಾರೂ ಪದಕೋಶ ಬಿಚ್ಚುವುದಿಲ್ಲ. ಅಲ್ಲದೆ ಆಯ್ದುಕೊಂಡ ಹೆಸರಿನಲ್ಲೂ ಒಂದು ವಿವೇಕ ಇದೆ. ನೆರೆಯ ದೊಡ್ಡ ಭಾಷೆಯಲ್ಲಿ ಕಟ್ಟಳೆಗೆ ಇದ್ದ ಪದವನ್ನು ಅವರು ತಮ್ಮ ಬೆಟ್ಟಕ್ಕೆ ಕೊಟ್ಟರು. ಬಯಲಿನವರಿಗೆ ಅರ್ಥವಾಗಬೇಕಾದ ಮಾತನ್ನು ಬಯಲಿನವರ ಪದದಲ್ಲೇ ಹೇಳಿದಂತಾಯಿತು.

ವೇದಾಂತ ದರ್ಶನದ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಆಳವಾದದ್ದು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಹೇಳುವ ಮೊದಲ ದೃಷ್ಟಾಂತಗಳು ಮಣ್ಣು ಮತ್ತು ಲೋಹದವು. ಮಣ್ಣಿನ ಮುದ್ದೆಯನ್ನು ತಿಳಿದರೆ ಮಡಕೆ ಕುಡಿಕೆಗಳನ್ನೆಲ್ಲ ತಿಳಿದಂತೆ, ಒಂದು ಉಗುರುಕತ್ತರಿಯಿಂದ ಕಬ್ಬಿಣದ್ದನ್ನೆಲ್ಲ ತಿಳಿದಂತೆ. ವಿಕಾರಗಳು ಮಾತಿನಿಂದ ಬಂದ ಹೆಸರುಗಳು, ನಿಜವಾದದ್ದು ದ್ರವ್ಯ. ಈ ನಿಲುವಿನಿಂದ ನೋಡಿದರೆ ಬಾಕ್ಸೈಟ್ ಎಂಬುದೂ ಹೆಸರೇ, ನಿಯಮ್ ರಾಜ ಎಂಬುದೂ ಹೆಸರೇ. ಎರಡನ್ನೂ ದಾಟಿದವನಿಗೆ ಈ ವ್ಯಾಜ್ಯದಲ್ಲಿ ಪಕ್ಷವಿಲ್ಲ. ಆದರೆ ಆ ದೃಷ್ಟಾಂತದ ದಿಕ್ಕನ್ನು ಗಮನಿಸಬೇಕು. ಅದು ನಮ್ಮ ನೋಟವನ್ನು ಆದದ್ದರಿಂದ ಮೊದಲಿದ್ದದ್ದರ ಕಡೆಗೆ, ಮಡಕೆಯಿಂದ ಮಣ್ಣಿನ ಕಡೆಗೆ ತಿರುಗಿಸುತ್ತದೆ. ಖನಿಜ ಎಂಬ ಹೆಸರು ಸಾಗುವುದು ನೇರ ಎದುರು ದಿಕ್ಕಿಗೆ. ಮಣ್ಣನ್ನು ನೋಡುತ್ತಲೇ ಮುಂದೆ ಆಗಬಹುದಾದ ತಗಡು, ತಂತಿಗಳನ್ನು ಅದು ಕಾಣುತ್ತದೆ. ಇನ್ನೂ ಆಗದ ವಿಕಾರಕ್ಕೆ ದ್ರವ್ಯದ ಸ್ಥಾನ ಕೊಡುತ್ತದೆ. ಉದ್ದಾಲಕನ ಪಾಠವನ್ನು ಗಣಿಯ ಪರವಾಗಿ ಓದಲು ಬರುವುದಿಲ್ಲ. ಹೆಸರುಗಳೆಲ್ಲ ಸಮ ಎಂದು ಹೇಳುವವನು ಮೊದಲು ಯಾವ ಹೆಸರು ವಸ್ತುವನ್ನು ಇದ್ದಂತೆ ಇರಗೊಡುತ್ತದೆ, ಯಾವುದು ಇರಗೊಡುವುದಿಲ್ಲ ಎಂಬ ವ್ಯತ್ಯಾಸಕ್ಕೆ ಉತ್ತರ ಹೇಳಬೇಕು. ಹೆಸರುಗಳು ಮಾಯೆಯಿರಬಹುದು, ಒಮ್ಮೆ ತೆಗೆದ ಬೆಟ್ಟದ ನೆತ್ತಿ ಮಾತ್ರ ಮತ್ತೆ ಬರುವುದಿಲ್ಲ.

ಒಡಿಶಾದ ಒಳಗಿನಿಂದಲೇ ಬರಬಹುದಾದ ಪ್ರಶ್ನೆಯೊಂದಿದೆ, ಅದೇ ಎಲ್ಲಕ್ಕಿಂತ ಕಷ್ಟದ್ದು ಎಂದು ನನ್ನ ಎಣಿಕೆ. ಪುರಿಯ ಜಗನ್ನಾಥನ ಗುಡಿಯಲ್ಲೂ ಕೋಣಾರ್ಕದ ಸೂರ್ಯನ ಗುಡಿಯಲ್ಲೂ ಇರುವುದು ಇದೇ ಖೊಂಡಲೈಟ್. ದೇವರಿಗೆಂದು ಬೆಟ್ಟ ಒಡೆದವರು ಹಿಂದೆಯೂ ಇದ್ದರು. ಕಲ್ಲು ಒಡೆಯದೆ ಗುಡಿಯಿಲ್ಲ, ಮರ ಕಡಿಯದೆ ಮೂರ್ತಿಯಿಲ್ಲ. ಆಗ ಅಗೆತ ಪುಣ್ಯ, ಈಗ ಪಾಪ ಎನ್ನುವುದು ಯಾವ ನ್ಯಾಯ? ಅಗೆಯುವುದೇ ಪಾಪ ಎಂಬುದು ನನ್ನ ವಾದವಲ್ಲ. ಜಗನ್ನಾಥನ ಮೂರ್ತಿಯನ್ನು ಹೊಸದಾಗಿಸುವ ನವಕಳೇಬರವನ್ನೇ ನೋಡೋಣ. ಈಚೆಗೆ ನಡೆದದ್ದು 2015ರಲ್ಲಿ. ಹೊಸ ಮೂರ್ತಿಗೆ ಬೇಕಾದ ಬೇವಿನ ಮರವನ್ನು ಹುಡುಕಲು ದೈತಾಪತಿಗಳೆಂಬ ಗುಡಿಯ ಸೇವಕರು ಹೊರಡುತ್ತಾರೆ, ಕಾಕಟಪುರದ ಮಂಗಳಾ ದೇವಿಯ ಸನ್ನಿಧಿಯಲ್ಲಿ ನಿಂತು ಅಪ್ಪಣೆ ಕೇಳುತ್ತಾರೆ. ಮರದಲ್ಲಿ ಶಂಖ ಚಕ್ರಗಳ ಗುರುತು ಇರಬೇಕು, ಹತ್ತಿರ ನೀರು, ಹುತ್ತ, ಸ್ಮಶಾನ ಇರಬೇಕು. ಸಿಕ್ಕ ಮೇಲೆ ಅದರ ಬುಡದಲ್ಲಿ ಯಜ್ಞ ನಡೆಯುತ್ತದೆ. ಮೊದಲು ಚಿನ್ನದ ಕೊಡಲಿ ಮುಟ್ಟಿಸಿ, ಆಮೇಲೆ ಬೆಳ್ಳಿಯದು, ಕಡೆಗೆ ಕಬ್ಬಿಣದ್ದು. ಒಡಿಯಾದಲ್ಲಿ ಆ ಮರಕ್ಕೆ ದಾರು ಎಂದು ಹೆಸರು. ಅದರೊಳಗಿನ ದೇವರು ದಾರುಬ್ರಹ್ಮ. ಇಲ್ಲಿ ಕಡಿಯುವ ಕೆಲಸ ನಡೆಯುತ್ತದೆ, ಆದರೆ ಅದು ಕಡೆಗೆ ಬರುತ್ತದೆ. ಮರ ಏನು ಎಂಬ ಪ್ರಶ್ನೆ ಮೊದಲು, ಕಡಿಯಬಹುದೇ ಎಂಬುದು ಎರಡನೆಯದು, ಕೊಡಲಿ ಮೂರನೆಯದು. ಮರವನ್ನು ಹುಡುಕಹೊರಟ ಯಾರೂ ಅದನ್ನು ಸೌದೆಯೆಂದೋ ದಿಮ್ಮಿಯೆಂದೋ ಮೊದಲೇ ಕರೆದು ಆಮೇಲೆ ಪೂಜೆಗೆ ಬರುವುದಿಲ್ಲ. ಗುಡಿ ಕಟ್ಟಿದ ಹಿಂದಿನವರೆಲ್ಲ ಕಲ್ಲನ್ನು ಹೀಗೆ ಕೇಳಿಯೇ ಒಡೆದರೆಂದು ನಾನು ಹೇಳುವುದಿಲ್ಲ. ಆದರೆ ಹೀಗೆ ಕೇಳುವ ಕ್ರಮ ಬಯಲಿನ ಧರ್ಮಕ್ಕೆ ಹೊಸದಲ್ಲ, ಬೆಟ್ಟದವರ ಮೂಢನಂಬಿಕೆಯೂ ಅಲ್ಲ.

ಹಾಗಾದರೆ ಅಲ್ಯುಮಿನಿಯಂ ಬೇಡವೇ? ವಿದ್ಯುತ್ ತಂತಿ, ರೈಲು ಡಬ್ಬಿ, ವಿಮಾನ, ಔಷಧದ ಮಾತ್ರೆಯ ಹಾಳೆ, ಅಡುಗೆಯ ಪಾತ್ರೆ ಎಲ್ಲದರಲ್ಲೂ ಅದಿದೆ. ಒಂದು ಟನ್ ಲೋಹಕ್ಕೆ ಸುಮಾರು ನಾಲ್ಕು ಟನ್ ಬಾಕ್ಸೈಟ್ ಬೇಕು. ದೇಶದ ಬಾಕ್ಸೈಟ್‌ನಲ್ಲಿ ದೊಡ್ಡ ಪಾಲು ಇರುವುದು ಒಡಿಶಾದಲ್ಲಿ. ಕೊರಾಪುಟ್‌ನ ಪಂಚಪಟ್‌ಮಾಲಿಯಲ್ಲಿ ಸರ್ಕಾರಿ ಒಡೆತನದ ನಾಲ್ಕೋ ಕಂಪನಿ ದಶಕಗಳಿಂದ ಅಗೆಯುತ್ತಿದೆ. ಪ್ರತಿ ಬೆಟ್ಟವೂ ಯಾರೋ ಒಬ್ಬರಿಗೆ ದೇವರಾದರೆ ದೇಶ ನಡೆಯುವುದು ಹೇಗೆ, ನಾಳೆ ಪರಿಹಾರಕ್ಕಾಗಿ ಹೊಸ ದೇವರು ಹುಟ್ಟಿದರೆ ಏನು ಗತಿ ಎಂಬ ಅಂಜಿಕೆ ಇದೆ. ಈ ಅಂಜಿಕೆಗೆ ಎರಡು ಮಾತು. ಹುಸಿ ದೇವರನ್ನು ಗುರುತಿಸಲು ಸಾಧನಗಳಿವೆ: ಹರಕೆ, ಹಬ್ಬ, ನಿಷೇಧ, ಕುಲದ ಹೆಸರು, ಸತ್ತವರ ಸ್ಮರಣೆ ಇವೆಲ್ಲ ಒಂದು ದಿನದಲ್ಲಿ ಕಟ್ಟಲು ಬರುವಂಥವಲ್ಲ. ಎರಡನೆಯದು, ಅಗತ್ಯದ ವ್ಯಾಪ್ತಿಯೇ ಮರುಪರೀಕ್ಷೆಗೆ ತಕ್ಕದ್ದು. ಬಳಸಿದ ಅಲ್ಯುಮಿನಿಯಂ ಕರಗಿಸಿ ಮತ್ತೆ ಬಳಸಲು, ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಇಪ್ಪತ್ತರಲ್ಲೊಂದು ಪಾಲಿನಷ್ಟು ಸಾಕು. ಹೊಸ ಬೆಟ್ಟ ಬೇಕೆನ್ನುವ ಮೊದಲು ಈ ಲೆಕ್ಕ ಆಗಬೇಕು. ಇಷ್ಟಾದರೂ ಕೆಲವು ಕಡೆ ಅಗೆಯಲೇಬೇಕಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿಯೂ ಅಗತ್ಯ ಎಂಬುದು ಅಗೆಯುವವನ ಮಾತು. ವಸ್ತು ಏನು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಬೇಕು ಎಂಬುದನ್ನು ಇದೆ ಎಂಬುದರ ಜಾಗದಲ್ಲಿ ಕೂರಿಸುವುದು ತರ್ಕದೋಷ, ಅದನ್ನು ಯಾವ ದೇಶದ ಆರ್ಥಿಕತೆಯೂ ಸರಿಪಡಿಸಲಾರದು.

ನಿಯಮಗಿರಿಯ ತೀರ್ಪಿನಿಂದ ಈ ಪ್ರಶ್ನೆ ಮುಗಿಯಲಿಲ್ಲ, ಜಾಗ ಬದಲಿಸಿತು. ಲಾಂಜಿಗಡದ ಕಾರ್ಖಾನೆ ಬೇರೆಡೆಯ ಬಾಕ್ಸೈಟ್ ತರಿಸಿಕೊಂಡು ನಡೆಯುತ್ತಿದೆ. ಅದೇ ರಾಯಗಡ, ಕಾಲಾಹಾಂಡಿ ಸೀಮೆಯ ಸಿಜಿಮಾಲಿ ಬೆಟ್ಟದ ಗಣಿ 2023ರಲ್ಲಿ ಹರಾಜಿನಲ್ಲಿ ಅದೇ ಕಂಪನಿಯ ಪಾಲಾಯಿತು. ಅಲ್ಲಿನವರು ಅದನ್ನು ತಿಜ್ ರಾಜನ ಬೆಟ್ಟವೆನ್ನುತ್ತಾರೆ, ಗಣಿಯನ್ನು ವಿರೋಧಿಸುತ್ತಿದ್ದಾರೆ. ನಿಯಮಗಿರಿಯ ಹನ್ನೆರಡು ಸಭೆಗಳ ಉತ್ತರವನ್ನು ಸಿಜಿಮಾಲಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ಅಲ್ಲಿ ಬಾಳುವವರಲ್ಲಿ ಕೊಂಧರಿದ್ದಾರೆ, ದಲಿತರಿದ್ದಾರೆ. ಅವರ ಪೂಜೆ ಬೇರೆ, ಬೆಟ್ಟದೊಡನೆ ಅವರ ಲೇವಾದೇವಿ ಬೇರೆ. ಎಲ್ಲರೂ ಬೇಡವೆನ್ನಬಹುದು, ಕೆಲವರು ಬೇಕೆನ್ನಬಹುದು. ಆದರೆ ಹರಾಜು ಮುಗಿದ ಮೇಲೆ ಸಭೆ ಕರೆಯುವುದಕ್ಕೂ ಸಭೆ ಮುಗಿದ ಮೇಲೆ ಹರಾಜು ಕರೆಯುವುದಕ್ಕೂ ನಡುವೆ ಇರುವ ಅಂತರ ಬರೀ ಕಾರ್ಯವಿಧಾನದ್ದಲ್ಲ. ಹರಾಜಿನ ಪಟ್ಟಿಯಲ್ಲಿ ಆ ಬೆಟ್ಟಕ್ಕೆ ಖನಿಜ ಬ್ಲಾಕ್ ಎಂಬ ಹೆಸರು ಬಿದ್ದಾಗ, ಊರ ಸಭೆಯಲ್ಲಿ ಅದರ ಹೆಸರನ್ನು ಇನ್ನೂ ಯಾರೂ ಕೇಳಿರಲಿಲ್ಲ.